ಮಾಮನ ಟೈಮು, ಲೋಕದ ಟೈಮು

ಸಿಡ್ನಿಯಲ್ಲಿ ಎಲ್ಲರಿಗಿಂತ ಮೊದಲು ಬೆಳಗಾಗುವುದು ಎಲ್ಲಿ, ಹೇಳಿ ನೋಡೋಣ? ಸಮುದ್ರದ ದಂಡೆಯಲ್ಲಿ ಎಂದಿರಾ? ತಪ್ಪು! ಕೆಲ್ಲಿವಿಲ್‌ನಲ್ಲಿ, ನಮ್ಮ ಸೋದರಮಾವನ ಮನೆಯಲ್ಲಿ. ಊರಿಗೆಲ್ಲ ಆರು ಗಂಟೆಯಾದಾಗ ಅವರ ಹಾಲಿನಲ್ಲಿ ಆರೂಕಾಲು ಆಗಿ, ಮಾಮ ಎರಡನೇ ಕಾಫಿಗೆ ಕೈ ಚಾಚಿರುತ್ತಾರೆ.

ಗಡಿಯಾರ ಸ್ವಲ್ಪ ಮುಂದಿಡುವುದು ನಮ್ಮ ಜನಕ್ಕೆ ಹೊಸದೇನಲ್ಲ, ಬಿಡಿ. ಐದು ನಿಮಿಷ ಮುಂದಿಡುತ್ತೇವೆ, ನೋಡಿದ ತಕ್ಷಣ ಮನಸ್ಸಿನಲ್ಲೇ ಐದು ಕಳೆಯುತ್ತೇವೆ, ‘ಇನ್ನೂ ಟೈಮಿದೆ’ ಎಂದು ಕಾಲು ಚಾಚುತ್ತೇವೆ, ಕೊನೆಗೆ ಹತ್ತು ನಿಮಿಷ ತಡವಾಗಿ ಹೋಗುತ್ತೇವೆ. ಮಾಮ ಹಾಗಲ್ಲ. ತಾವೇ ಹೇಳಿದ ಸುಳ್ಳನ್ನು ತಾವೇ ಮನಸಾರೆ ನಂಬುವ ಸತ್ಯವಂತರು! ಅವರ ಹಾಲಿನ ಗಡಿಯಾರ ಹದಿನೈದು ನಿಮಿಷ ಮುಂದೆ, ಅಡುಗೆಮನೆಯದು ಹನ್ನೆರಡು, ಮಲಗುವ ಕೋಣೆಯದು ಇಪ್ಪತ್ತು, ಕಾರಿನದು ಎಂಟು. ಮಲಗುವ ಕೋಣೆಯಿಂದ ಎದ್ದು ಅಡುಗೆಮನೆಗೆ ಬಂದರೆ ನೀವು ಎಂಟು ನಿಮಿಷ ಚಿಕ್ಕವರಾಗುತ್ತೀರಿ. ಅಲ್ಲಿಂದ ಹಾಲಿಗೆ ಬಂದರೆ ಮತ್ತೆ ಮೂರು ನಿಮಿಷ ವಯಸ್ಸಾಗುತ್ತದೆ. ಮೊಬೈಲಿನ ಟೈಮನ್ನೂ ಕೈಯಾರೆ ಮುಂದಿಟ್ಟುಕೊಂಡು, ಬ್ಯಾಂಕಿನ ಆ್ಯಪ್ ತೆರೆಯದೆ ಒಂದು ವಾರ ಒದ್ದಾಡಿದ ಮಹಾನುಭಾವರು ಇವರು.

ಈ ಚಟ ಇಂದು ನಿನ್ನೆಯದಲ್ಲ. ಅತ್ತೆಯನ್ನು ಹೆಣ್ಣು ನೋಡಲು ಮೈಸೂರಿಗೆ ಹೋದಾಗಲೂ ಕಾಲು ಗಂಟೆ ಮೊದಲೇ ಹೋಗಿ ಬಾಗಿಲು ತಟ್ಟಿದರಂತೆ. ಅತ್ತೆಯ ಅಪ್ಪ ಟವೆಲ್ಲು ಸುತ್ತಿಕೊಂಡೇ ಬಾಗಿಲು ತೆಗೆದು, “ಹಾಲು ಹೊರಗಡೆ ಇಟ್ಟು ಹೋಗಪ್ಪಾ” ಎಂದರಂತೆ!

ಸಿಡ್ನಿಗೆ ಬಂದ ಮೇಲಂತೂ ಯಾರ ಮನೆಗೆ ಕರೆದರೂ ಹದಿನೈದು ನಿಮಿಷ ಮುಂಚೆ ಆ ಬೀದಿಯಲ್ಲಿ ಮಾಮನ ಕಾರು ಹಾಜರು. ಒಳಗೆ ಹೋಗಲು ಸಂಕೋಚ, ವಾಪಸು ಹೋಗಲು ಮನಸ್ಸಿಲ್ಲ. ಹಾಗಾಗಿ ಎರಡು ಮನೆ ಆಚೆ ಕಾರು ನಿಲ್ಲಿಸಿ ಗಂಡ ಹೆಂಡತಿ ಒಳಗೇ ಕೂತಿರುತ್ತಾರೆ. ಒಮ್ಮೆ ಯಾರೋ ಅನುಮಾನಪಟ್ಟು ಕಿಟಕಿ ತಟ್ಟಿ, “ಆರ್ ಯು ರೈಟ್, ಮೇಟ್?” ಎಂದು ಕೇಳಿದರಂತೆ. ಮಾಮ ಗಾಜು ಇಳಿಸಿ ಗಂಭೀರವಾಗಿ, “ನೋ ಮೇಟ್. ಐ ಆ್ಯಮ್ ಅರ್ಲಿ” ಎಂದರಂತೆ.

ಇಷ್ಟು ವರ್ಷ ಈ ಮನೆಯ ಲೆಕ್ಕ ಸರಿಯಾಗಿ ನಡೆದದ್ದು ಅತ್ತೆಯಿಂದ. ಯಾವ ಗಡಿಯಾರದಲ್ಲಿ ಎಷ್ಟು ಕಳೆಯಬೇಕೆಂಬುದು ಅವರಿಗೆ ಬಾಯಿಪಾಠ. ಆದರೆ ಎರಡು ವರ್ಷದಿಂದ ಅತ್ತೆಯ ಎರಡೂ ಕಣ್ಣುಗಳ ನಡುಭಾಗ ಮಸುಕಾಗುತ್ತಾ ಬಂತು. ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. “ಗೋಡೆ ಮೇಲೆ ಗಡಿಯಾರ ಇರೋದು ಕಾಣುತ್ತೆ ಕಣೇ, ಟೈಮ್ ಕಾಣಲ್ಲ. ಎದುರಿಗೆ ಯಾರೋ ಕೂತಿರೋದು ಕಾಣುತ್ತೆ, ಮುಖ ಕಾಣಲ್ಲ,” ಎಂದು ನನಗೆ ಫೋನಿನಲ್ಲಿ ಹೇಳಿದ್ದರು. ಮನೆಯವರನ್ನು ಬಿಟ್ಟು ಬೇರೆ ಯಾರಿಗೂ ಹೇಳಕೂಡದೆಂದು ನಮ್ಮೆಲ್ಲರಿಂದ ಆಣೆ ಮಾಡಿಸಿಕೊಂಡಿದ್ದರು. ಅತ್ತೆ ಬಡಪೆಟ್ಟಿಗೆ ಬಗ್ಗುವ ಜೀವವಲ್ಲ. ಯಾರಾದರೂ “ಪಾಪ” ಎಂದರೆ ಅವರಿಗೆ ಮೈಯೆಲ್ಲ ಉರಿಯುತ್ತದೆ.

ಆದರೆ ದಿನಕ್ಕೆ ಹತ್ತು ಸಲ ಟೈಮು ಕೇಳಲೇಬೇಕಲ್ಲ! ಅದೂ ಯಾರನ್ನು? ಮಾಮನನ್ನು!

“ರೀ, ಟೈಮೆಷ್ಟು?”

“ಹತ್ತೂಕಾಲು.”

“ನಿಮ್ಮ ಟೈಮಾ, ಲೋಕದ ಟೈಮಾ?”

“ಟೈಮು ಅಂದ್ರೆ ಟೈಮು ಕಣೇ. ಅದರಲ್ಲೇನು ನಂದು ನಿಂದು!”

ಅತ್ತೆ ತಲೆ ತಲೆ ಚಚ್ಚಿಕೊಳ್ಳುತ್ತಿದ್ದರು. ಇದನ್ನು ಕೇಳಿ ಇಂಗ್ಲೆಂಡಿನಲ್ಲಿರುವ ಅವರ ಮಗಳು ಸಿಂಧು ಒಂದು ಪಾರ್ಸೆಲ್ ಕಳಿಸಿದಳು. ಅಂಗೈ ಅಗಲದ ಗಡಿಯಾರ. ತಲೆಯ ಮೇಲೆ ದೊಡ್ಡದೊಂದು ಬಟನ್. ಒತ್ತಿದರೆ ಇಂಗ್ಲಿಷ್ ಹೆಂಗಸೊಬ್ಬಳು ಟೈಮು ಹೇಳುತ್ತಾಳೆ. ಬೆಳಗಿನ ಅಲಾರಮ್ಮಿಗೆ ತಾನಾಗಿಯೇ ಟೈಮು ಹೇಳಿ ಕೋಳಿ ಕೂಗುತ್ತದೆ. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ ಅದು ರೇಡಿಯೋ ಗಡಿಯಾರ. ಎಲ್ಲಿಂದಲೋ ಬರುವ ಸಿಗ್ನಲ್ ಹಿಡಿದು ತನ್ನ ಟೈಮನ್ನು ತಾನೇ ತಿದ್ದಿಕೊಳ್ಳುತ್ತದೆ. ಅಂದರೆ ಮಾಮ ಎಷ್ಟು ಮುಂದಿಟ್ಟರೂ ಅದು ಮತ್ತೆ ಸತ್ಯಕ್ಕೇ ಬಂದು ನಿಲ್ಲುತ್ತದೆ! ಅತ್ತೆ ವಿಡಿಯೋ ಕಾಲಿನಲ್ಲಿ ಅದನ್ನು ಎದೆಗೊತ್ತಿಕೊಂಡು, “ಇನ್ಮೇಲೆ ನಾನು ಯಾರನ್ನೂ ಟೈಮ್ ಕೇಳಲ್ಲ. ನಮ್ಮ ಮೇಡಂ ಬಂದಿದ್ದಾರೆ,” ಎಂದರು. ಹಿಂದೆ ಮಾಮನ ಮುಖ ಸವತಿ ಬಂದ ಮನೆಯ ಹಿರಿಹೆಂಡತಿಯ ಮುಖದಂತಿತ್ತು.

ಆದರೂ ಮಾಮನೇ ಅದನ್ನು ಸೆಟಪ್ ಮಾಡಲು ಕೂತರು. ಹೆಂಡತಿಗೆ ಬೇಕಾದದ್ದು ಎಂದ ಮೇಲೆ ಮುಗಿಯಿತು, ಅದು ತಮ್ಮ ಎದೆಯ ಮೇಲೆ ಕಾಲಿಡುವ ಗಡಿಯಾರವಾದರೂ ಸರಿ. ಮಾಮ ಮೂವತ್ತು ವರ್ಷ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್ ಆಗಿದ್ದವರು. ಇನ್ನೊಬ್ಬರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ! ಈಗ ನಿವೃತ್ತರಾದರೂ ಮನೆಯಲ್ಲೊಂದು ತಪ್ಪಿನ ಪುಸ್ತಕ ಇಟ್ಟಿದ್ದಾರೆ. ಕಂಡ ತಪ್ಪಿಗೆಲ್ಲ ಅದರಲ್ಲೊಂದು ನಂಬರು. ಅತ್ತೆಯ ಹುಳಿಗೂ ಅದರಲ್ಲಿ ನಂಬರಿದೆ. ಇಂಥವರು ಯಾವ ವಸ್ತುವಿನ ಜೊತೆ ಬಂದ ಪುಸ್ತಿಕೆಯನ್ನೂ ಓದುವುದಿಲ್ಲ. “ಮ್ಯಾನ್ಯುಯಲ್ ಓದಿದ ಟೆಸ್ಟರ್ ಕೆಟ್ಟ,” ಎಂಬುದು ಅವರ ಸಿದ್ಧಾಂತ. ಮೊದಲಾದರೆ ಅತ್ತೆ ಗುಟ್ಟಾಗಿ ಓದಿ ಹೇಳಿಕೊಡುತ್ತಿದ್ದರು. ಈಗ ಅವರಿಗೂ ಓದಲಾಗದು. ನೋಡಿ, ಅಲ್ಲಿಗೆ ಶುರುವಾಯಿತು ರಾಮಾಯಣ!

ಬ್ಯಾಟರಿ ಹಾಕಿದ್ದೇ ತಡ, ಮೇಡಂ “ಇಟ್ಸ್ ಟ್ವೆಲ್ವ್ ಓ ಕ್ಲಾಕ್, ಎ.ಎಂ.” ಎಂದಳು. ಆಗ ಹಗಲು ಹನ್ನೊಂದು ಗಂಟೆ. ಗಡಿಯಾರದ ಮುಖದ ಮೇಲೆ ಪುಟ್ಟದೊಂದು ರೇಡಿಯೋ ಕಂಬದ ಚಿತ್ರ ಮಿಣಿಮಿಣಿ ಎನ್ನತೊಡಗಿತು. ಸಿಗ್ನಲ್ ಹುಡುಕುತ್ತಿದೆ ಎಂದರ್ಥ. ಮಾಮ ಕಿಟಕಿಯ ಬಳಿ ಇಟ್ಟರು. ಇಲ್ಲ. ಫ್ರಿಜ್ಜಿನ ಮೇಲಿಟ್ಟರು. ಇಲ್ಲ. ದೇವರ ಮನೆಯಲ್ಲಿಟ್ಟು ಕೈ ಮುಗಿದರು. ಉಹುಂ! ಮೂರು ದಿನವಾದರೂ ಮೇಡಂ ತನ್ನದೇ ಲೋಕದಲ್ಲಿ, ಮಧ್ಯಾಹ್ನದ ಊಟಕ್ಕೆ ಕೂತರೆ ರಾತ್ರಿ ಒಂದು ಗಂಟೆ ಎನ್ನುತ್ತಿದ್ದಳು. “ನನ್ನ ಟೈಮಿಗೆ ಹೆಸರಿಡ್ತಿದ್ಯಲ್ಲ, ಇವಳ ಟೈಮು ನೋಡು!” ಎಂದು ಮಾಮ ಹಂಗಿಸಿದರು. ಆದರೆ ಬಿಡಲಿಲ್ಲ.

ನಾಲ್ಕನೆಯ ದಿನ ನನಗೆ ಫೋನು.

“ಪುಟ್ಟಿ, ಈ ಸಿಗ್ನಲ್ ಬರೋದು ಇಂಗ್ಲೆಂಡಿಂದ. ಇಂಗ್ಲೆಂಡು ಯಾವ ದಿಕ್ಕಿಗಿದೆ ಹೇಳು.”

“ಪಶ್ಚಿಮಕ್ಕಲ್ವಾ ಮಾಮ?”

“ಅದೇ ನೀವೆಲ್ಲ ಮಾಡೋ ತಪ್ಪು! ಗೋಳ ತಗೊಂಡು ನೋಡು. ಇಂಗ್ಲೆಂಡು ಇರೋದು ನಮ್ಮ ಕಾಲ ಕೆಳಗೆ ಕಣೇ!”

ಸರಿ, ಗಡಿಯಾರವನ್ನು ನೆಲಕ್ಕೆ ಬೋರಲು ಹಾಕಿದರು. ಕಾಂಕ್ರೀಟಿನಲ್ಲಿ ಕಬ್ಬಿಣವಿದೆ, ಅಡ್ಡ ಬರುತ್ತದೆ ಎಂದು ಹಿತ್ತಲಿಗೆ ಒಯ್ದರು. ಕರಿಬೇವಿನ ಗಿಡದ ಬುಡದಲ್ಲಿ ಒಂದಡಿ ಗುಂಡಿ ತೋಡಿ, ಊಟದ ಡಬ್ಬಿಯಲ್ಲಿ ಗಡಿಯಾರವಿಟ್ಟು, ಮೇಲೊಂದು ಹಲಗೆ ಮುಚ್ಚಿ ಒಳಗೆ ಬಂದು ಮಲಗಿದರು. ಆ ಮಧ್ಯಾಹ್ನವೇ ಹುಲ್ಲು ಕತ್ತರಿಸುವ ಪಂಜಾಬಿನ ಮನುಷ್ಯ ಬರಬೇಕೆ? ಅವನು ಮೆಷಿನ್ ನಿಲ್ಲಿಸಿ ಬೆವರೊರೆಸಿಕೊಳ್ಳುವಾಗ ಅವನ ಕಾಲಡಿಯಿಂದ ಹೆಂಗಸಿನ ದನಿ ಬಂತು, “ಇಟ್ಸ್ ಫೋರ್ ಓ ಕ್ಲಾಕ್, ಎ.ಎಂ.” ಹಿಂದೆಯೇ ಕೋಳಿ ಕೂಗು! ಮನುಷ್ಯ ಮೆಷಿನ್ ಅಲ್ಲೇ ಬಿಟ್ಟು ಬಾಗಿಲು ಬಡಿದ. “ಅಂಕಲ್‌ಜಿ, ಅಂಕಲ್‌ಜಿ! ಜಮೀನ್ ಬೋಲ್ ರಹೀ ಹೈ!” ಮಾಮ ನಿದ್ದೆಗಣ್ಣಿನಲ್ಲೇ ಕೇಳಿದ್ದು ಒಂದೇ ಪ್ರಶ್ನೆ, “ಟೈಮ್ ಕರೆಕ್ಟಾಗಿ ಬೋಲ್ ರಹೀ ಹೈ ಕ್ಯಾ?”

ಅತ್ತೆ ಇದನ್ನು ಹೇಳುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಮೆಲ್ಲಗೆ, “ಅಷ್ಟು ಆಸೆ ಇಟ್ಕೊಂಡಿದ್ದೆ ಕಣೇ. ಇದೂ ನನ್ನ ಪಾಲಿಗೆ ಬರಲಿಲ್ಲ,” ಎಂದರು.

ಆ ಮಾತು ಮಾಮನ ಕಿವಿಗೂ ಬಿದ್ದಿರಬೇಕು. ಅದೇ ತಿಂಗಳು ಮೆಲ್ಬೋರ್ನಿನ ವೆರಿಬೀಯಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶವಿತ್ತು. ವಿಮಾನದಲ್ಲಿ ಬನ್ನಿ ಎಂದರೆ ಕೇಳಲಿಲ್ಲ. ಕೆಲ್ಲಿವಿಲ್‌ನಲ್ಲಿ ಗುಡ್ಡ ಜಾಸ್ತಿ, ವೆರಿಬೀ ಬಟಾಬಯಲು, ದಾರಿಯಲ್ಲಿ ಎಲ್ಲಾದರೂ ಸಿಗ್ನಲ್ ಸಿಕ್ಕೇ ಸಿಗುತ್ತದೆ ಎಂದು ಕಾರಿನಲ್ಲೇ ಹೊರಟರು. ಒಂಬತ್ತು ಗಂಟೆಯ ದಾರಿಗೆ ಹದಿಮೂರು ಗಂಟೆ! ಸಿಕ್ಕ ಸಿಕ್ಕ ರೆಸ್ಟ್ ಏರಿಯಾದಲ್ಲೆಲ್ಲ ಕಾರು ನಿಲ್ಲಿಸಿ, ಪಿಕ್ನಿಕ್ ಬೆಂಚು ಹತ್ತಿ, ಗಡಿಯಾರವನ್ನು ಎರಡೂ ಕೈಯಲ್ಲಿ ಆಕಾಶಕ್ಕೆತ್ತಿ ನಿಲ್ಲುತ್ತಿದ್ದರಂತೆ. ಲಾರಿಯವರು ಯಾವುದೋ ಪೂಜೆಯೆಂದು ತಿಳಿದು ಗೌರವದಿಂದ ಹಾರ್ನ್ ಹೊಡೆಯದೆ ಹೋಗುತ್ತಿದ್ದರಂತೆ.

ಗೃಹಪ್ರವೇಶದ ದಿನ ಗಡಿಯಾರ ನಮ್ಮ ಹೊಸ ಹಾಲಿನ ಕಿಟಕಿಯಲ್ಲಿ ಪ್ರತಿಷ್ಠಾಪನೆಯಾಯಿತು. ಪುರೋಹಿತರು ವಾರದ ದಿನಗಳಲ್ಲಿ ಐಟಿ, ಶನಿವಾರ ಭಾನುವಾರ ವೈದಿಕ. ಮುಹೂರ್ತಕ್ಕೆ ಸರಿಯಾಗಿ ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೇವೆ, ಆಗ ಕಿಟಕಿಯಿಂದ “ಕೊಕ್ಕೊಕ್ಕೋ!”

“ಯಾರದ್ರೀ ಅದು ಮೊಬೈಲು? ಸೈಲೆಂಟ್ ಮಾಡ್ರಿ!” ಪುರೋಹಿತರು ಗದರಿದರು.

“ಮೊಬೈಲಲ್ಲ ಸ್ವಾಮಿ, ಅದು ಸಿಗ್ನಲ್ ಹುಡುಕ್ತಾ ಇದೆ,” ಎಂದರು ಮಾಮ.

“ಮೂವತ್ತು ವರ್ಷದಿಂದ ನಾನೂ ಅದನ್ನೇ ಹುಡುಕ್ತಿರೋದು. ಸ್ವಲ್ಪ ಸುಮ್ನಿರಿ!”

ಊಟವಾಗಿ ಬಂದವರೆಲ್ಲ ಹೋದ ಮೇಲೆ ನನ್ನ ಹನ್ನೊಂದು ವರ್ಷದ ಮಗಳು ಆದ್ಯಾ, ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದ ಪುಸ್ತಿಕೆಯನ್ನು ತೆಗೆದು ಅತ್ತೆಯ ಪಕ್ಕ ಕೂತು ಓದತೊಡಗಿದಳು. ಎರಡನೆಯ ಪುಟಕ್ಕೇ ನಿಂತು ಮಾಮನ ಕಡೆ ತಿರುಗಿದಳು. “ತಾತ, ಇಟ್ ಲಿಟರಲಿ ಸೇಸ್, ಇಂಗ್ಲೆಂಡ್ ಸಿಗ್ನಲ್ ಇಷ್ಟು ದೂರ ಬರಲ್ಲ ಅಂತ. ಯು ಜಸ್ಟ್ ಸೆಟ್ ಇಟ್ ಬೈ ಹ್ಯಾಂಡ್.”

ಗುಂಡಿ ತೋಡಿದವರು, ಬೆಂಚು ಹತ್ತಿದವರು, ಹದಿಮೂರು ಗಂಟೆ ಕಾರು ಓಡಿಸಿದವರು ನಿಧಾನವಾಗಿ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಜೇಬಿನಿಂದ ತಪ್ಪಿನ ಪುಸ್ತಕ ತೆಗೆದು, “ಪುಸ್ತಿಕೆಯ ಅಕ್ಷರ ತೀರಾ ಸಣ್ಣದು” ಎಂದು ಬರೆದು ನಂಬರು ಹಾಕಿದರು!

ಈಗ ಗಡಿಯಾರಕ್ಕೆ ಕೈಯಾರೆ ಟೈಮು ಕೊಡಬೇಕು. ಕೊಡುವ ಕೈ ಮಾಮನದು. ಎಲ್ಲರ ಕಣ್ಣೂ ಆ ಕೈಯ ಮೇಲೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ! ಅತ್ತೆ ಸೋಫಾದಲ್ಲಿ ನೆಟ್ಟಗೆ ಕೂತರು.

“ರೀ. ನನಗೆ ಲೋಕದ ಟೈಮೇ ಬೇಕು. ನನಗೆ ಕಾಣಲ್ಲ ಅಂತ ಒಂದು ನಿಮಿಷ ಆಚೀಚೆ ಮಾಡಿದ್ರೋ, ನೋಡಿ!”

“ನಿನ್ನ ಹತ್ರ ಮೋಸ ಮಾಡ್ತೀನೇನೆ?” ಎಂದರು ಮಾಮ. ಅವರ ದನಿ ಚಿಕ್ಕದಾಗಿತ್ತು. ನನ್ನ ಗಂಡನ ಮೊಬೈಲ್ ಪಕ್ಕದಲ್ಲಿಟ್ಟುಕೊಂಡು, ಸೆಕೆಂಡು ನೋಡಿ, ಕಹಿ ಔಷಧಿ ನುಂಗುವಂತೆ ಮುಖ ಮಾಡಿ, ಬಟನ್ ಒತ್ತಿದರು. ಬಳಿಕ ಅತ್ತೆಯ ಬೆರಳು ಹಿಡಿದು ಹಿಂಭಾಗದ ಬಟನ್‌ಗಳ ಮೇಲಿದ್ದ ಉಬ್ಬು ಚುಕ್ಕೆಗಳನ್ನು ಮುಟ್ಟಿಸಿದರು. “ಒಂದು ಚುಕ್ಕೆ ಗಂಟೆಗೆ, ಎರಡು ಚುಕ್ಕೆ ನಿಮಿಷಕ್ಕೆ. ನೀನೇ ಮಾಡ್ಕೋಬಹುದು, ನನ್ನ ನಂಬೋದೇ ಬೇಡ.” ಅತ್ತೆ ತಲೆಯ ಮೇಲಿನ ಬಟನ್ ಒತ್ತಿದರು. “ಇಟ್ಸ್ ಟೂ ಟ್ವೆಂಟಿ ಸಿಕ್ಸ್, ಪಿ.ಎಂ.” ಎರಡು ವರ್ಷದ ಮೇಲೆ ಅತ್ತೆ ಯಾರನ್ನೂ ಕೇಳದೆ ಟೈಮು ತಿಳಿದುಕೊಂಡರು. ಒಂದೇ ಗಂಟೆಯಲ್ಲಿ ಮೂವತ್ತು ಸಲ ಒತ್ತಿದರು. ಯಾರೂ ಬೇಡ ಎನ್ನಲಿಲ್ಲ.

ಆಮೇಲೆ ಕೆಲ್ಲಿವಿಲ್‌ನಲ್ಲಿ ಅತ್ತೆಯ ದರ್ಬಾರು! “ಬೇಗ ಬೇಗ, ಹತ್ತಾಯ್ತು,” ಎಂದು ಮಾಮ ಅವಸರ ಮಾಡಿದರೆ ಅತ್ತೆ ಸುಮ್ಮನೆ ಬಟನ್ ಒತ್ತುತ್ತಿದ್ದರು. “ಇಟ್ಸ್ ನೈನ್ ಫಾರ್ಟಿ ಟೂ” ಎನ್ನುತ್ತಿದ್ದಳು ಮೇಡಂ. ಮಾಮ ಹಾಕಿದ ಚಪ್ಪಲಿ ಕಳಚುತ್ತಿದ್ದರು. ಕೊನೆಗೆ ಮನೆಯ ಗಡಿಯಾರಗಳನ್ನೆಲ್ಲ ಲೋಕದ ಟೈಮಿಗೆ ತರಬೇಕೆಂದು ಅಪ್ಪಣೆಯಾಯಿತು. ಮಾಮ ಒಂದೊಂದನ್ನೇ ಕೆಳಗಿಳಿಸಿ ಹಿಂದಕ್ಕೆ ತಿರುಗಿಸಿದರು. ಆ ದಿನ ಅವರು ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲವೆಂದು ಅತ್ತೆ ನಗುತ್ತಾ ಹೇಳಿದ್ದರು.

ಶಾಲೆಯ ರಜೆಗೆ ನಾನೂ ಆದ್ಯಾಳೂ ಎರಡು ವಾರ ಅವರ ಮನೆಗೆ ಹೋದೆವು. ಮೊದಲ ಶನಿವಾರ ಹತ್ತಿರದ ದಿ ಪಾಂಡ್ಸ್ ಎಂಬ ಬಡಾವಣೆಯಲ್ಲಿ ಪರಿಚಯದವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಲೋಕದ ಟೈಮಿಗೆ ಹೊರಟು ಲೋಕದ ಟೈಮಿಗೆ ತಲುಪಿದೆವು. ಕಾರು ನಿಲ್ಲಿಸಿ ಸೀದಾ ಒಳಗೆ. ಹಾಲಿನ ತುಂಬ ಜನ, ಗಲಗಲ ಮಾತು. ಆಗ ಒಬ್ಬರು ಅತ್ತೆಯ ಎದುರಿಗೆ ಬಂದು ನಿಂತು, ನಮ್ಮವರೆಲ್ಲ ಪ್ರೀತಿಯಿಂದ ಕೇಳುವ ಆ ಪ್ರಶ್ನೆ ಕೇಳಿದರು. “ಆಂಟಿ, ನಾನ್ಯಾರು ಹೇಳಿ ನೋಡೋಣ!”

ಅತ್ತೆಯ ಕೈ ನನ್ನ ತೋಳನ್ನು ಹಿಡಿಯಿತು. “ಶ್ವೇತಾ ಅಲ್ವೇನಮ್ಮಾ?”

“ಅಯ್ಯೋ, ನಾನು ಜೆಸಿಂತಾ ಮಾರಾಯ್ರೆ! ಇಷ್ಟು ಬೇಗ ಮರ್ತು ಬಿಟ್ರಾ?”

ಜೆಸಿಂತಾ ಮಂಗಳೂರಿನವರು. ಹತ್ತು ವರ್ಷ ದಿನವೂ ಅತ್ತೆಯ ಜೊತೆ ವಾಕಿಂಗ್ ಹೋದವರು, ಪ್ರತಿ ಕ್ರಿಸ್ಮಸ್ಸಿಗೆ ಡಬ್ಬಿ ತುಂಬ ಕರ್ಜಿಕಾಯಿಯಂಥ ನೇವ್ರಿ ತಂದುಕೊಟ್ಟವರು. ಈಗ ಬೇರೆ ಸಬರ್ಬ್‌ಗೆ ಹೋಗಿದ್ದರು. ಅತ್ತೆ ನಕ್ಕು ಏನೋ ಹೇಳಿ ಜಾರಿಕೊಂಡರು. ಪ್ರಸಾದ ತಿಂದದ್ದೇ ಮನೆಗೆ ಹೋಗೋಣ ಎಂದರು.

ಮುಂದಿನ ಭಾನುವಾರ ಅದೇ ಬೀದಿಯಲ್ಲಿ ಒಂದು ಸೀಮಂತ. ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಮೇಡಂ “ಇಟ್ಸ್ ಎಯ್ಟ್ ಫಿಫ್ಟೀನ್” ಎಂದಳು. ನನ್ನ ಮೊಬೈಲ್ ನೋಡಿದೆ. ಸರಿಯಾಗಿ ಎಂಟು! ನನಗೆ ಸಿಟ್ಟು ನೆತ್ತಿಗೇರಿತು.

“ನೋಡಿದ್ರಾ ಅತ್ತೆ? ಮಾಮ ತಮ್ಮ ಬುದ್ಧಿ ಬಿಡ್ಲಿಲ್ಲ! ನಿಮಗೆ ಕಾಣಲ್ಲ ಅಂತ...”

“ಶ್! ಮೆಲ್ಲಗೆ ಮಾತಾಡೇ. ಅವರಲ್ಲ, ನಾನು ಇಟ್ಟಿದ್ದು.”

“ನೀವಾ?”

“ಎರಡು ಚುಕ್ಕೆ ನಿಮಿಷಕ್ಕೆ. ಹದಿನೈದು ಸಲ ಒತ್ತಿದೆ.” ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದರು. “ಬೇಗ ಹೋಗಿ ಕಾರಲ್ಲಿ ಕೂತಿರ್ತಿದ್ವಲ್ಲ, ಆಗ ಅವರು ಒಳಗೆ ಹೋಗೋರನ್ನೆಲ್ಲ ನೋಡಿ ನನಗೆ ಹೇಳೋರು. ಯಾರು ಬಂದ್ರು, ಯಾವ ಬಣ್ಣದ ಸೀರೆ, ಯಾರ ಕೈಲಿ ಮಗು. ನಾನು ಒಳಗೆ ಹೋದ ಮೇಲೆ ಬಣ್ಣ ನೋಡಿ ಹೆಸರು ಹಿಡಿದು ಮಾತಾಡಿಸ್ತಿದ್ದೆ. ಬಣ್ಣ ಅಂಚಲ್ಲಿ ಕಾಣುತ್ತಲ್ಲ. ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಲೋಕದ ಟೈಮು ಬೇಕು ಅಂತ ಹಟ ಮಾಡಿದವಳು ನಾನೇ. ಈಗ ಅವರ ಟೈಮೇ ಬೇಕು ಅಂತ ಯಾವ ಬಾಯಲ್ಲಿ ಕೇಳಲಿ?”

ಅಷ್ಟರಲ್ಲಿ ಮಾಮ ಒಳಗೆ ಬಂದರು. ಅತ್ತೆ ಏನೂ ಅರಿಯದವರಂತೆ ಬಟನ್ ಒತ್ತಿದರು. “ಇಟ್ಸ್ ಎಯ್ಟ್ ಸೆವೆಂಟೀನ್.” ಮಾಮ ಗೋಡೆಯ ಗಡಿಯಾರ ನೋಡಿದರು. ಮೇಜಿನ ಮೇಲಿದ್ದ ನನ್ನ ಮೊಬೈಲ್ ನೋಡಿದರು. ಒಂದು ಕ್ಷಣ ಅತ್ತೆಯ ಮುಖ ನೋಡುತ್ತಾ ನಿಂತರು.

“ಕೊನೆಗೂ ಸಿಗ್ನಲ್ ಸಿಕ್ತೂಂತ ಕಾಣುತ್ತೆ,” ಎಂದರು ಅತ್ತೆ, ಗೋಡೆಯ ಕಡೆ ಮುಖ ಮಾಡಿ.

“ಹೌದಲ್ವೇನೆ! ನೋಡಿದ್ಯಾ? ಇಂಗ್ಲೆಂಡಿಗೂ ಬುದ್ಧಿ ಬಂತು! ಅಂತೂ ನನ್ನ ಟೈಮೇ ಸರಿ ಅಂತ ಒಪ್ಕೊಂಡ್ರು!” ಎಂದು ಮಾಮ ಸ್ಟೂಲ್ ಎಳೆದು, ಗೋಡೆಯ ಗಡಿಯಾರ ಇಳಿಸಿಕೊಂಡು ಮುಳ್ಳು ತಿರುಗಿಸತೊಡಗಿದರು. ಮೂವತ್ತು ವರ್ಷ ಸಣ್ಣಪುಟ್ಟ ತಪ್ಪನ್ನೂ ಬಿಡದೆ ಹಿಡಿದ ಮನುಷ್ಯ. ಜೇಬಿನಲ್ಲಿದ್ದ ತಪ್ಪಿನ ಪುಸ್ತಕವನ್ನು ಮಾತ್ರ ಆ ದಿನ ಹೊರಗೆ ತೆಗೆಯಲಿಲ್ಲ.

ಸೀಮಂತದ ಮನೆಯಿಂದ ಎರಡು ಮನೆ ಆಚೆ ಕಾರು ನಿಂತಿತು. ಮುಂದಿನ ಸೀಟಿನಲ್ಲಿ ಅವರಿಬ್ಬರು, ಹಿಂದೆ ನಾನು ಮತ್ತು ಆದ್ಯಾ. ಮಾಮ ಸ್ಟೀರಿಂಗಿನ ಮೇಲೆ ಕೈಯಿಟ್ಟು, ಮೆಲುದನಿಯಲ್ಲಿ ಶುರು ಮಾಡಿದರು.

“ಗಿಳಿಹಸಿರು ಸೀರೆ, ಕೆಂಪು ಅಂಚು, ಶ್ವೇತಾ. ಗಂಡ ತೂಕ ಇಳಿಸಿದ್ದಾನೆ, ಹೊಗಳಿಬಿಡು. ಅರಿಶಿನ ಚೂಡಿದಾರ, ಅವಳ ನಾದಿನಿ. ಅಲ್ಲಿ ಬಂದ್ಲು ನೋಡು ಜೆಸಿಂತಾ. ನೀಲಿ ಸೀರೆ. ಅಚ್ಚ ನೀಲಿ ಕಣೇ, ಮರೀಬೇಡ. ಕೂದಲು ಗಿಡ್ಡ ಮಾಡಿಸಿದ್ದಾಳೆ.”

“ನೀಲಿ, ಜೆಸಿಂತಾ. ಗಿಡ್ಡ ಕೂದಲು,” ಅತ್ತೆ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿಕೊಂಡರು. ಇಷ್ಟು ವರ್ಷ ಈ ಮನುಷ್ಯನ ಹದಿನೈದು ನಿಮಿಷವನ್ನು ಆಡಿಕೊಂಡು ನಕ್ಕಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಅತ್ತೆ ಬ್ಯಾಗಿನಿಂದ ಗಡಿಯಾರ ತೆಗೆದು ಒತ್ತಿದರು. “ಇಟ್ಸ್ ಇಲೆವೆನ್ ಓ ಕ್ಲಾಕ್, ಎ.ಎಂ.” ನನ್ನ ಮೊಬೈಲಿನಲ್ಲಿ ಹತ್ತೂ ಮುಕ್ಕಾಲು.

“ರೀ, ಟೈಮಾಯ್ತು. ಇಳಿಯೋಣ್ವಾ?”

“ಇರೇ,” ಎಂದರು ಮಾಮ. “ಇನ್ನೊಂದು ಕಾರು ಬರ್ತಾ ಇದೆ. ಯಾರೂಂತ ನೋಡಿ ಹೇಳ್ತೀನಿ.”